ಕುಡಿದಾಗ ಅಣ್ಣ ಸಾಯುವ ಮಾತಾಡುತ್ತಾನೆ. ಎಷ್ಟು ಗಂಭೀರವಾಗಿ ತಗೋಬೇಕು?

ಪ್ರಶ್ನೆ: ರಾಣೆಬೆನ್ನೂರು ಕಡೆಯ ತಂಗಿ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕುತ್ತಿಲ್ಲ, ಕ್ಷಮಿಸಿ. ನಮ್ಮದು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ನಾನು ಮದುವೆಯಾಗಿ ದಾವಣಗೆರೆಯಲ್ಲಿದ್ದೇನೆ. ತವರಲ್ಲಿ ಅವ್ವ, ಅಣ್ಣ, ವೈನಿ, ಇಬ್ಬರು ಮಕ್ಕಳು. ಅಣ್ಣನಿಗೆ ನಲವತ್ತು ದಾಟಿದೆ. ಗೋವಿನಜೋಳ ಹಾಕುತ್ತಾನೆ, ಸ್ವಲ್ಪ ಹತ್ತಿ. ಟ್ರ್ಯಾಕ್ಟರ್ ಸಾಲ ಇದೆ.

ಮೊದಲು ಸಂತೆ ದಿನ ಮಾತ್ರ ಕುಡಿಯುತ್ತಿದ್ದ. ಆಮೇಲೆ ದಿನಾ ಸಂಜೆ ಶುರುವಾಯಿತು. ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಪ್ಯಾಕೆಟ್ ಬೇಕು. ಅದು ಹೊಟ್ಟೆಗೆ ಬೀಳದಿದ್ದರೆ ಚಹಾ ಕುಡಿಯೋಕೂ ಆಗಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದರೂ ಅಂಗಿ ಮೇಲೆ ತುಳುಕುತ್ತೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಪ್ಯಾಕೆಟ್ ಸಿಗುತ್ತೆ, ದೂರ ಹೋಗೋ ಕೆಲಸವೂ ಇಲ್ಲ.

ಕುಡಿದಾಗ "ನಾನು ಹೋದರೆ ನಿಮಗೆಲ್ಲ ನೆಮ್ಮದಿ", "ಇನ್ನು ಜಾಸ್ತಿ ದಿನ ಕಾಡಲ್ಲ ನಿಮ್ಮನ್ನ" ಅಂತೆಲ್ಲ ಹೇಳುತ್ತಾನೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ ಅನ್ನುತ್ತಾನೆ. ಅವ್ವ "ಕುಡಿದ ಬಾಯಿ, ಏನೋ ಒದರುತ್ತೆ ಬಿಡು" ಅನ್ನುತ್ತಾಳೆ. ವೈನಿಗೆ ಸಾಕಾಗಿ ಹೋಗಿದೆ. ಮಕ್ಕಳನ್ನ ಕರಕೊಂಡು ತವರಿಗೆ ಹೋಗ್ತೀನಿ ಅಂತ ಕೂತಿದ್ದಾಳೆ. ನಾನು ಅವಳನ್ನ ದೂರೋದಿಲ್ಲ.

ಆದರೆ ಮೊನ್ನೆ ಅಣ್ಣ ಪಾಸ್‌ಬುಕ್, ಹೊಲದ ಪಹಣಿ ಎಲ್ಲಾ ತಂದು ವೈನಿ ಮುಂದಿಟ್ಟು, ಯಾವುದು ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು ಅಂತ ಸಮಾಧಾನವಾಗಿ ಹೇಳಿದನಂತೆ. ಅವತ್ತು ಅಷ್ಟೊಂದು ಕುಡಿದಿರಲಿಲ್ಲ. ಇದನ್ನ ಕೇಳಿದಾಗಿಂದ ನನಗೆ ನಿದ್ದೆ ಬರ್ತಿಲ್ಲ.

ಇದು ನಿಜವಾದ ಅಪಾಯವಾ, ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ? ಮೊದಲು ಕುಡಿತ ಬಿಡಿಸಬೇಕಾ, ಈ ಮಾತಿಗೆ ಏನಾದರೂ ಮಾಡಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1: ವಾರ್ಡ್ ಸಿಸ್ಟರ್

ತಂಗಿ, ನೀವು ಜಾಸ್ತಿ ಯೋಚನೆ ಮಾಡ್ತಿಲ್ಲ. ಇದು ಅಪಾಯವೇ. ಅಣ್ಣನನ್ನ ಈ ವಾರವೇ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ. ಆ ತನಕ ಒಬ್ಬನನ್ನೇ ಬಿಡಬೇಡಿ. ಉಳಿದಿದ್ದು ಇದರ ನಂತರ ಓದಿ.

ನಾನು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ಕುಡಿತದವರನ್ನೂ, ಜೀವ ಕಳಕೊಳ್ಳೋಕೆ ಹೋಗಿ ಉಳಿದವರನ್ನೂ ದಿನಾ ನೋಡುತ್ತೇನೆ. ಎಷ್ಟೋ ಸಲ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು ಹೇಳೋ ಮಾತೂ ಒಂದೇ: "ಕುಡಿದಾಗ ಹೇಳ್ತಿದ್ದ ಸಿಸ್ಟರ್, ನಾವು ಕುಡಿದ ಮಾತು ಅಂದ್ಕೊಂಡ್ವಿ."

ಕುಡಿದಾಗ ಆಗೋದೇನು ನೋಡಿ. ಮೊದಲ ಗುಟುಕಿಗೆ ಹಗುರ ಅನಿಸಿದರೂ ಮದ್ಯ ಮನಸ್ಸನ್ನ ಕುಗ್ಗಿಸೋ ವಸ್ತು. ಇರೋ ಬೇಜಾರನ್ನ ಜಾಸ್ತಿ ಮಾಡುತ್ತೆ. ಎರಡನೇದು, ನಮ್ಮನ್ನ ಹಿಡಿದಿಡೋ ಯೋಚನೆಗಳಿರುತ್ತವಲ್ಲ, ಮಕ್ಕಳ ಮುಖ, ನಾಳೆ ನೋಡೋಣ ಅನ್ನೋದು, ಭಯ, ಅವೆಲ್ಲ ದೂರ ಸರಿಯುತ್ತವೆ. ಈ ಕ್ಷಣದ ನೋವು ಒಂದೇ ಕಣ್ಣ ಮುಂದೆ ಉಳಿಯುತ್ತೆ. ಎಚ್ಚರದಲ್ಲಿ ಇರುವಾಗ ಹತ್ತು ಸಲ ಯೋಚನೆ ಬಂದು ಹತ್ತು ಸಲ ಹೋಗಿರುತ್ತೆ. ಕುಡಿದಾಗ ಅದೇ ಯೋಚನೆಗೂ ಕೈಗೂ ನಡುವೆ ತಡೆ ಇರಲ್ಲ. ಹಾಗಾಗಿ "ಕುಡಿದಾಗ ಮಾತ್ರ ಹೇಳ್ತಾನೆ" ಅನ್ನೋದರಲ್ಲಿ ಸಮಾಧಾನ ಪಡೋಕೆ ಏನೂ ಇಲ್ಲ. ಕುಡಿದಾಗಲೇ ಅಪಾಯ ಜಾಸ್ತಿ.

ವರ್ಷಗಟ್ಟಲೆ ಕುಡಿದವರಿಗೆ ಇನ್ನೊಂದು ಪದರವೂ ಇದೆ. ನಿದ್ದೆ ಕೆಡುತ್ತೆ, ದುಡ್ಡು ಹೋಗುತ್ತೆ, ಮಾತು ಕೊಟ್ಟು ತಪ್ಪಿದ ನಾಚಿಕೆ, ಒಬ್ಬೊಬ್ಬರಾಗಿ ಜನ ದೂರ ಆಗೋದು. ಹೆಂಡತಿ ಮನೆ ಬಿಟ್ಟುಹೋದ ಹೊಸತರಲ್ಲಿ, ಅಥವಾ ಹೋಗ್ತೀನಿ ಅಂದ ಸಮಯದಲ್ಲಿ, ಇಂಥವರ ಮೇಲೆ ಜಾಸ್ತಿ ಕಣ್ಣಿಡಬೇಕು. ವೈನಿ ಹೋಗಬಾರದು ಅಂತ ನಾನು ಹೇಳ್ತಿಲ್ಲ. ಏಟು ಬೀಳ್ತಿದ್ದರೆ, ಮಕ್ಕಳು ಹೆದರಿದ್ದರೆ ಅವರು ಹೋಗಲೇಬೇಕು. ಅವನ ಜೀವದ ಹೊಣೆಯನ್ನ ಆಕೆ ತಲೆಗೆ ಕಟ್ಟಬೇಡಿ. ಅವರು ಹೋಗೋದಾದರೆ ಆ ದಿನ ಅಣ್ಣನ ಜೊತೆ ಇರೋಕೆ ಬೇರೆ ಗಟ್ಟಿ ಮನುಷ್ಯರೊಬ್ಬರು ಬೇಕು, ಅಷ್ಟೇ.

ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಪಾಸ್‌ಬುಕ್ ಮತ್ತು ಪಹಣಿ ವಿಷಯ. ಸಾಲದ ಲೆಕ್ಕ ಒಪ್ಪಿಸೋದು, ಇಷ್ಟದ ವಸ್ತು ಕೊಟ್ಟುಬಿಡೋದು, ತುಂಬಾ ದಿನದ ಗದ್ದಲದ ಮೇಲೆ ಇದ್ದಕ್ಕಿದ್ದ ಹಾಗೆ ಶಾಂತ ಆಗೋದು, ಇವನ್ನ ನಾವು ಬಹಳ ಗಮನ ಕೊಟ್ಟು ನೋಡ್ತೀವಿ.

ಈಗ ಮಾಡೋ ಕೆಲಸ. ಅಣ್ಣನನ್ನ ನೇರವಾಗಿ ಕೇಳಿ. ಬೆಳಿಗ್ಗೆ, ಕಮ್ಮಿ ಕುಡಿದಿರೋ ಹೊತ್ತಲ್ಲಿ, ಯಾರೂ ಇಲ್ಲದಾಗ. "ಅಣ್ಣ, ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಅಂತ ಇದೇ ಮಾತಲ್ಲಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಜನ ಹೆದರುತ್ತಾರೆ. ಹಾಗಾಗಲ್ಲ. ನಾನು ಕೇಳಿದಾಗ ಎಷ್ಟೋ ಗಂಡಸರು ಮೊದಲ ಸಲ ಬಾಯಿಬಿಟ್ಟು ಅತ್ತಿದ್ದಾರೆ. ಯಾರಾದರೂ ಕೇಳಲಿ ಅಂತ ಕಾಯ್ತಾ ಇರ್ತಾರೆ. ಹೌದು ಅಂದರೆ ಬೈಬೇಡಿ, ಮಕ್ಕಳ ಆಣೆ ಹಾಕಿಸಬೇಡಿ, "ನಾಲ್ಕು ಜನ ಏನಂತಾರೆ" ಅನ್ನಬೇಡಿ. ಸುಮ್ನೆ ಪೂರ್ತಿ ಕೇಳಿ. ಯಾವಾಗ, ಹೇಗೆ ಅಂತ ಮನಸ್ಸಲ್ಲಿ ಗೊತ್ತುಮಾಡಿಕೊಂಡಿದ್ದಾನೆ ಅನಿಸಿದರೆ ಈ ವಾರ ಹೋದರಾಯ್ತು ಅಂತ ಕಾಯದೆ ಅವತ್ತೇ ಆಸ್ಪತ್ರೆ. 108 ಅಥವಾ 112.

ಹೊಲಕ್ಕೆ ಹೊಡೆಯೋ ಔಷಧಿ ಇವತ್ತೇ ಮನೆಯಿಂದ, ಹೊಲದ ಶೆಡ್ಡಿಂದ ಆಚೆ ಹೋಗಲಿ. ನಂಬಿಕಸ್ಥ ನೆಂಟರ ಮನೆಯಲ್ಲಿ ಬೀಗದಲ್ಲಿ ಇರಲಿ. ಮನೆಯಲ್ಲಿರೋ ಮಾತ್ರೆಗಳು ಅವ್ವನ ಟ್ರಂಕಿನಲ್ಲಿ ಬೀಗದೊಳಗೆ. "ಮನಸ್ಸು ಮಾಡಿದವರನ್ನ ತಡೆಯೋಕಾಗುತ್ತಾ" ಅಂತ ಕೇಳೋರಿದ್ದಾರೆ. ಆಗುತ್ತೆ. ಶ್ರೀಲಂಕಾದಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧ ಮಾಡಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆ ಕೆಟ್ಟ ಗಳಿಗೆ ಹೆಚ್ಚಾಗಿ ಸಣ್ಣದು. ಆಗ ಕೈಗೆ ಏನೂ ಸಿಗದಿದ್ದರೆ ಬಹಳ ಜನ ದಾಟುತ್ತಾರೆ, ಆಮೇಲೆ ಬದುಕ್ತಾರೆ.

ಮಾತಾಡೋಕೆ 14416, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಣ್ಣನೇ ಮಾಡಬೇಕು ಅಂತಿಲ್ಲ, ಮನೆಯವರಾಗಿ ನೀವೂ ಮಾಡಬಹುದು. ಕುಡಿತ ಬಿಡೋ ವಿಷಯಕ್ಕೆ ಅಂತಲೇ 14446 ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಮಾಡ್ತಾರೆ, ಮನೋವೈದ್ಯರು ಬರ್ತಾರೆ. ಈ ಮಂಗಳವಾರ ಇದೆಯಾ ಅಂತ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಹಾವೇರಿ ಜಿಲ್ಲಾ ಆಸ್ಪತ್ರೆ, ಇನ್ನೂ ಮುಂದೆ ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್.

ಉತ್ತರ 2: ಹಳೇ ಮೇಷ್ಟ್ರು

ಅಮ್ಮಾ, ಗಾಬರಿ ಆಗಬೇಡಿ. ಧರ್ಮಸ್ಥಳದವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಸೇರಿಸಿ. ಎಂಟು ದಿನ ಅಲ್ಲೇ ಇರಬೇಕು. ನನ್ನ ಷಡ್ಡಕ ಹೋಗಿ ಬಂದ, ಇವತ್ತಿಗೂ ಮುಟ್ಟಿಲ್ಲ. ಕುಡಿತ ಬಿಟ್ಟರೆ ಸಾಯೋ ಮಾತು ತಾನೇ ನಿಲ್ಲುತ್ತೆ. ಪೊಲೀಸ್, ಆಸ್ಪತ್ರೆ ಅಂತ ಹೋದರೆ ಕೇಸ್ ಆಗುತ್ತೆ, ಮಕ್ಕಳಿಗೆ ಮುಂದೆ ತೊಂದರೆ. ಸಂಸಾರದ ಮರ್ಯಾದೆನೂ ನೋಡಬೇಕಲ್ವಾ.

ಪ್ರಶ್ನೆ ಕೇಳಿದವರು

ಸಿಸ್ಟರ್, ಮೇಷ್ಟ್ರೇ, ಇಬ್ಬರಿಗೂ ಧನ್ಯವಾದ. ನಿನ್ನೆ ರಾತ್ರಿನೇ ಬಸ್ ಹತ್ತಿ ಊರಿಗೆ ಬಂದೆ. ಔಷಧಿ ಡಬ್ಬಗಳನ್ನ ಚಿಕ್ಕಪ್ಪ ಅವರ ಮನೆಗೆ ತಗೊಂಡು ಹೋದರು.

ಬೆಳಿಗ್ಗೆ ಅಣ್ಣನನ್ನ ಕೇಳಿದೆ. ಮೊದಲು ಸಿಟ್ಟಾದ. ಆಮೇಲೆ ಕಟ್ಟೆ ಮೇಲೆ ಕೂತು "ದಿನಾ ಬರುತ್ತೆ ತಂಗಿ" ಅಂದ. ನನ್ನ ಕೈ ಹಿಡಿದು "ಇವತ್ತಿಂದ ಮುಟ್ಟಲ್ಲ, ನೋಡ್ತಿರು" ಅಂದ. ಬೆಳಿಗ್ಗೆಯಿಂದ ಕುಡಿದಿಲ್ಲ. ಅವ್ವ ದೇವರಿಗೆ ಕಾಯಿ ಒಡೆಸಿದಳು. ಆದರೆ ಈಗ ಸಂಜೆ, ಕೈ ತುಂಬಾ ನಡುಗ್ತಿದೆ, ಬೆವರು ಹರೀತಿದೆ, ಊಟ ಬೇಡ ಅಂತಿದ್ದಾನೆ. ನಿದ್ದೆ ಮಾಡಿದರೆ ಸರಿಹೋಗುತ್ತಾ? ಪಕ್ಕದ ಮನೆಯವರು ಊಟದಲ್ಲಿ ಗೊತ್ತಾಗದ ಹಾಗೆ ಹಾಕೋ ಪುಡಿ ಇದೆ, ತರಿಸಿ ಅಂತಿದ್ದಾರೆ.

ಉತ್ತರ 3: ವಾರ್ಡ್ ಸಿಸ್ಟರ್

ತಂಗಿ, ನಿದ್ದೆ ಮಾಡಿಸಿ ನೋಡೋಣ ಅಂತ ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಓದಿ.

ಬೆಳಿಗ್ಗೆಯೇ ಬೇಕು ಅನ್ನೋ ಮಟ್ಟಕ್ಕೆ ಬಂದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ತಡೆಯೋಕಾಗಲ್ಲ. ನಡುಕ, ಬೆವರು ಮೊದಲ ದಿನವೇ ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ತನಕ ಕೆಲವರಿಗೆ ದಿಕ್ಕು ತಪ್ಪುತ್ತೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತೆ, ಇಲ್ಲದವರ ದನಿ ಕೇಳುತ್ತೆ, ಯಾರೋ ಕೊಲ್ಲೋಕೆ ಬಂದ್ರು ಅಂತ ಓಡ್ತಾರೆ. ನಮ್ಮ ಕಡೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಕರಕೊಂಡು ಹೋಗ್ತಾರೆ, ಅಷ್ಟೊತ್ತಿಗೆ ಜೀವಕ್ಕೇ ಕುತ್ತು ಬಂದಿರುತ್ತೆ. ಮನಸ್ಸಿನ ತಳಮಳ ತೀರಾ ಜಾಸ್ತಿ ಇರೋದೂ ಆಗಲೇ. ಮೊದಲೇ ಸಾವಿನ ಯೋಚನೆ ಇದ್ದವನಿಗೆ ಈ ದಿನಗಳು ಬಹಳ ಕೆಟ್ಟವು.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ. ಮಾರ್ಚ್ ಕೊನೆಗೆ ಅಂಗಡಿ ಮುಚ್ಚಿದ್ದು, ನಮ್ಮ ರಾಜ್ಯದಲ್ಲಿ ಮೇ 4ಕ್ಕೆ ತೆರೆದರು. ಅಂಗಡಿ ಮುಚ್ಚಿದ ಮೊದಲ ವಾರದಲ್ಲೇ ಕರ್ನಾಟಕದಲ್ಲೂ ಕೇರಳದಲ್ಲೂ ಎಣ್ಣೆ ಸಿಗದೆ ಜೀವ ಕಳಕೊಂಡವರ ಸುದ್ದಿ ಬಂತು. ಕೇರಳ ಸರ್ಕಾರ ಡಾಕ್ಟರ್ ಚೀಟಿ ಇದ್ದರೆ ಮದ್ಯ ಕೊಡ್ತೀವಿ ಅಂತ ಆದೇಶವನ್ನೇ ಹೊರಡಿಸಿತು. ಡಾಕ್ಟರುಗಳು ವಿರೋಧ ಮಾಡಿದರು, ಹೈಕೋರ್ಟ್ ತಡೆ ಕೊಟ್ಟಿತು. ತಡೆ ಕೊಟ್ಟಿದ್ದು ಸರಿ, ಯಾಕೆಂದರೆ ಇದಕ್ಕೆ ಬೇರೆ ಔಷಧಿ ಇದೆ. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯೋ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸ್ತಾರೆ. ಅದನ್ನ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಆ ಮಾತ್ರೆ ಮೇಲೆ ಎಣ್ಣೆ ಬಿದ್ದರೆ ಉಸಿರಾಟವೇ ಕುಗ್ಗಬಹುದು.

ಇನ್ನೊಂದು ಮುಖ್ಯ ವಿಷಯ. ಸುಸ್ತು ಅಂತ ಹಳ್ಳಿಯಲ್ಲೇ ಗ್ಲೂಕೋಸ್ ಬಾಟಲಿ ಏರಿಸಬೇಡಿ. ಕುಡಿತದವರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತೆ. ಅದರ ಇಂಜೆಕ್ಷನ್ ಮೊದಲು ಹೋಗಬೇಕು. ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟು ಬೀಳಬಹುದು. ಡ್ಯೂಟಿ ಡಾಕ್ಟರ್‌ಗೆ ಮರೆಯದೆ ಎರಡು ಮಾತು ಹೇಳಿ: ಕೊನೇ ಸಲ ಯಾವಾಗ ಕುಡಿದ, ಮತ್ತು ಸಾಯೋ ಯೋಚನೆ ದಿನಾ ಬರುತ್ತೆ ಅಂದಿದ್ದಾನೆ. ಎರಡನೇದನ್ನ ನಾಚಿಕೆಯಿಂದ ಮುಚ್ಚಿಡಬೇಡಿ. ಅದನ್ನ ಹೇಳದಿದ್ದರೆ ಬರೀ ನಡುಕಕ್ಕೆ ಔಷಧಿ ಕೊಟ್ಟು ಕಳಿಸ್ತಾರೆ.

ಪುಡಿ ಬೇಡವೇ ಬೇಡ. ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಕುಡಿದರೆ ತಿರುಗಿಬೀಳೋ ಡೈಸಲ್ಫಿರಾಮ್ ಅನ್ನೋ ಔಷಧಿ ಇರೋದು ನಿಜ. ಅದನ್ನ ರೋಗಿಗೆ ಹೇಳಿ, ಒಪ್ಪಿಗೆ ತಗೊಂಡು, ರಕ್ತ ಪರೀಕ್ಷೆ ಮಾಡಿ ಕೊಡ್ತಾರೆ. ಗೊತ್ತಿಲ್ಲದೆ ತಿಂದವನು ಮೇಲೆ ಕುಡಿದರೆ ಬಿಪಿ ಬಿದ್ದು ಜೀವಕ್ಕೆ ಸಂಚಕಾರ. ನಿಮ್ಮ ಕೈ ಹಿಡಿದು ಸತ್ಯ ಹೇಳಿದವನಿಗೆ ಅನ್ನದಲ್ಲಿ ಕಳ್ಳತನದಿಂದ ಬೆರೆಸಿದರೆ ಮುಂದೆ ಯಾರನ್ನ ನಂಬುತ್ತಾನೆ ಹೇಳಿ.

ಮೇಷ್ಟ್ರೇ, ಶಿಬಿರದ ಬಗ್ಗೆ ನನಗೂ ಗೌರವ ಇದೆ. ಅಲ್ಲಿಂದ ಬಂದು ವರ್ಷಗಳಿಂದ ಚೆನ್ನಾಗಿರೋರನ್ನ ನಾನೇ ಬಲ್ಲೆ. ಆಮೇಲೆ ನವಜೀವನ ಸಮಿತಿ ಅಂತ ಊರಲ್ಲೇ ಸೇರ್ತಾರಲ್ಲ, ಅದು ದೊಡ್ಡ ಆಸರೆ. ಆದರೆ ಬೆಳಿಗ್ಗೆ ನಡುಗೋರು, ಸಾಯೋ ಮಾತಾಡೋರು ಮೊದಲು ಡಾಕ್ಟರ್ ನೋಡಿದ ಮೇಲೇ ಹೋಗಬೇಕು. ಕುಡಿತ ನಿಂತರೆ ಸಾಯೋ ಮಾತು ತಾನೇ ನಿಲ್ಲುತ್ತೆ ಅನ್ನೋದು ಅರ್ಧ ನಿಜ. ಬಹಳ ಜನರ ಬೇಜಾರು ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಇಳಿಯುತ್ತೆ. ಕೆಲವರಿಗೆ ಇಳಿಯಲ್ಲ. ಅವರಿಗೆ ಖಿನ್ನತೆ ಬೇರೆಯಾಗೇ ಇರುತ್ತೆ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಆ ವಾರಗಳನ್ನ ದಾಟಿಸೋ ತನಕ ಯಾರಾದರೂ ಜೊತೆಗಿರಲೇಬೇಕು.

ಕೇಸಿನ ಭಯ ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡೋ ಹಾಗಿಲ್ಲ. ಅವರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ. ಬರೀ ಯೋಚನೆ ಬರುತ್ತೆ ಅಂತ ಚಿಕಿತ್ಸೆಗೆ ಬಂದವರ ಮೇಲೆ ಎಂಥ ಕೇಸ್? ಈ ಭಯದಿಂದಲೇ ಜನ ತಡ ಮಾಡ್ತಾರೆ. ಇದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಮರ್ಯಾದೆ ಮಾತಿಗೂ ಒಂದು ಹೇಳಬೇಕು. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಹೋದರು ಅಂತ ಅಪರಾಧ ದಾಖಲೆ ಬ್ಯೂರೋ ವರದಿ. ಕಾರಣ ಕುಡಿತ, ಮಾದಕ ವಸ್ತು ಅಂತ ಬರೆದಿದ್ದು ನೂರಕ್ಕೆ 6.8. ಕೌಟುಂಬಿಕ ಸಮಸ್ಯೆ ಅಂತ ಬರೆದಿದ್ದು 31.7. ನಮ್ಮ ವಾರ್ಡಿನಲ್ಲಿ ಕೌಟುಂಬಿಕ ಸಮಸ್ಯೆ ಅಂತ ಬಂದ ಮನೆಗಳ ಕಥೆ ಕೇಳ್ತಾ ಹೋದರೆ ಎಷ್ಟೋ ಸಲ ಬಾಟಲಿ ಸಿಗುತ್ತೆ. ಮನೆಯವರು ಹೇಳಲ್ಲ, ಹಾಗಾಗಿ ಕಾಗದದಲ್ಲಿ ಬರಲ್ಲ.

ಉತ್ತರ 4: ಡಿಪೋ ಮೆಕ್ಯಾನಿಕ್

ತಂಗಿ, ನಾನು ಕುಡಿತ ಬಿಟ್ಟವನು. ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡಿಯೋಕೆ ಆಗದ ದಿನಗಳಿದ್ದವು. ಸಿಸ್ಟರ್ ಹೇಳಿದ ಯೋಚನೆಗಳೂ ಇದ್ದವು.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲಿನ ತಿಂಗಳು ಹುಷಾರು. ಮನೆಯವರು ಗೆದ್ದೆವು ಅಂತ ಉಸಿರು ಬಿಡೋ ಹೊತ್ತಿಗೆ ನನಗೆ ಕಣ್ಣು ಬಿಟ್ಟಿತ್ತು. ಯಾರಿಗೆ ಎಷ್ಟು ಕೊಡಬೇಕು, ಯಾರನ್ನ ಎಷ್ಟು ಅಳಿಸಿದ್ದೀನಿ, ಎಲ್ಲಾ ಒಟ್ಟಿಗೆ ಕಾಣೋದು. ಮರೆಸೋಕೆ ಎಣ್ಣೆ ಇಲ್ಲ. ಸಂಜೆ ಆರರಿಂದ ಒಂಬತ್ತು ಕಳೆಯೋದು ಎಲ್ಲಕ್ಕಿಂತ ಕಷ್ಟ. ನನ್ನ ಭಾವ ಆ ಹೊತ್ತಿಗೆ ದಿನಾ ಬರ್ತಿದ್ದ. ಉಪದೇಶ ಇಲ್ಲ, ಮಂಡಕ್ಕಿ ಮಿರ್ಚಿ ತಂದು ಕೂರೋದು, ಕಬಡ್ಡಿ ನೋಡೋದು. ಹಸಿವು ಆದರೆ ಕುಡಿಯೋ ಆಸೆ ಜಾಸ್ತಿ, ಅದಕ್ಕೆ ಸಂಜೆ ಹೊಟ್ಟೆ ಖಾಲಿ ಬಿಡಬೇಡಿ.

ಸಾಲದ ಪಟ್ಟಿಯನ್ನ ಅವನೊಬ್ಬನ ತಲೆಯಲ್ಲಿ ಬಿಡಬೇಡಿ. ಚಿಕ್ಕಪ್ಪ ಕೂತು ಹಾಳೆ ಮೇಲೆ ಬರೆಸಲಿ, ಯಾವುದಕ್ಕೆ ಗಡುವು ಕೇಳಬಹುದು ನೋಡಲಿ. ಬರೆದಾಗ ನನ್ನ ಸಾಲ ನಾನು ಹೆದರಿದಷ್ಟು ಇರಲಿಲ್ಲ.

ಒಂದು ದಿನ ಮತ್ತೆ ಕುಡಿದರೆ "ಮುಗೀತು, ನೀನು ಉದ್ಧಾರ ಆಗಲ್ಲ" ಅನ್ನಬೇಡಿ. ಆ ಮಾತು ಕೇಳಿದ ರಾತ್ರಿ ತುಂಬಾ ಕೆಟ್ಟದು. ಮಾರನೇ ದಿನ ಮತ್ತೆ ಡಾಕ್ಟರ್ ಹತ್ತಿರ ಕರಕೊಂಡು ಹೋಗಿ. ಹತ್ತಿರದ ಪಟ್ಟಣದಲ್ಲಿ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ಬರಿಗೊಬ್ಬರು ಆಸರೆಯಾಗೋ ಕೂಟ) ಸಭೆ ಇದ್ದರೆ ಒಂದು ಸಲ ಕೂರಿಸಿ. ಅಲ್ಲಿ ಯಾರೂ ಜಾತಿ, ಕೆಲಸ ಕೇಳಲ್ಲ, ದುಡ್ಡು ಕೇಳಲ್ಲ. ನಾನು ಇನ್ನೂ ಹೋಗ್ತೀನಿ.

ಪ್ರಶ್ನೆ ಕೇಳಿದವರು

ತಡವಾಗಿ ಬರೀತಿದ್ದೀನಿ. ಅವತ್ತು ರಾತ್ರಿನೇ ಹೋದೆವು. ದಾರಿಯಲ್ಲೇ ಒಂದು ಸಲ ಫಿಟ್ಸ್ ಬಂತು. ಮನೆಯಲ್ಲೇ ಇಟ್ಟುಕೊಂಡಿದ್ದರೆ ಏನಾಗ್ತಿತ್ತೋ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎರಡೂ ಮಾತು ಹೇಳಿದೆ. ಮನೋವೈದ್ಯರು ಬಂದು ಅಣ್ಣನ ಜೊತೆ ಒಬ್ಬರೇ ಕೂತು ತುಂಬಾ ಹೊತ್ತು ಮಾತಾಡಿದರು. ಈಗ ನಡುಕ ಇಲ್ಲ, ಊಟ ಮಾಡ್ತಾನೆ. ನಿನ್ನೆ ಮಗಳ ಜೊತೆ ಫೋನಲ್ಲಿ ಮಾತಾಡಿದ. ಯೋಚನೆ ಇನ್ನೂ ಬರುತ್ತೆ ಅಂತಾನೆ, ಆದರೆ ಬಂದಾಗ ಹೇಳ್ತಾನೆ.

ವೈನಿ ತವರಲ್ಲೇ ಇದ್ದಾಳೆ. ಬರಲ್ಲ ಅಂತ ಹೇಳಿಲ್ಲ. ನಾಡಿದ್ದು ಮನೆಗೆ ಕಳಿಸ್ತಾರಂತೆ. ನಾವು ಏನು ಸಿದ್ಧ ಮಾಡಬೇಕು?

ಉತ್ತರ 5: ವಾರ್ಡ್ ಸಿಸ್ಟರ್

ಒಳ್ಳೇದಾಯ್ತು ತಂಗಿ. ಬಂದಾಗ ಹೇಳ್ತಾನೆ ಅಂದಿರಲ್ಲ, ಅದು ತುಂಬಾ ದೊಡ್ಡದು.

ಆಸ್ಪತ್ರೆಯಿಂದ ಹೋದ ಮೊದಲ ವಾರಗಳಲ್ಲೇ ನಮಗೆ ಭಯ ಜಾಸ್ತಿ. ಕಳಿಸೋ ಮುಂಚೆ ಡಾಕ್ಟರ್ ಹತ್ತಿರ ಮತ್ತೆ ಬರೋ ತಾರೀಖು ಬರೆಸಿಕೊಳ್ಳಿ. ವಾರದೊಳಗಿನ ದಿನ ಕೇಳಿ. ಮಾತ್ರೆ ಎಲ್ಲಾ ಒಟ್ಟಿಗೆ ಅವನ ಕೈಗೆ ಬೇಡ, ಚಿಕ್ಕಪ್ಪ ದಿನದ್ದು ದಿನಕ್ಕೆ ಕೊಡಲಿ. ಹೊಲದ ಔಷಧಿ ಡಬ್ಬಗಳನ್ನ ಬಿತ್ತನೆ ಬಂತು ಅಂತ ವಾಪಸ್ ತರಬೇಡಿ. ಸಿಂಪಡಿಸೋ ಕೆಲಸ ಈ ಹಂಗಾಮಿಗೆ ಬೇರೆಯವರಿಗೆ ಕೊಡಿ. ಯೋಚನೆ ಜೋರಾದಾಗ ಯಾರಿಗೆ ಮೊದಲು ಫೋನ್ ಮಾಡೋದು, ಅವರು ಎತ್ತದಿದ್ದರೆ ಯಾರಿಗೆ ಅಂತ ಅಣ್ಣನ ಕೈಯಲ್ಲೇ ಬರೆಸಿ, ಕೆಳಗೆ 14416 ಹಾಕಿ, ಅವನ ಫೋನಿನ ಕವರಿನೊಳಗೆ ಇಡಿ. ಕಿರಾಣಿ ಅಂಗಡಿಯವನನ್ನ ಚಿಕ್ಕಪ್ಪ ಹೋಗಿ ಮಾತಾಡಿಸಲಿ. ಅನುಮತಿ ಇಲ್ಲದೆ ಮಾರೋದು ಅಪರಾಧ, ಕೇಳದಿದ್ದರೆ ಅಬಕಾರಿ ಇಲಾಖೆಗೆ ದೂರು ಕೊಡಿ. ಮನೆ ಬಾಗಿಲಲ್ಲೇ ಪ್ಯಾಕೆಟ್ ಸಿಗೋ ತನಕ ಅವನೊಬ್ಬನ ಛಲದ ಮೇಲೆ ಎಲ್ಲಾ ಹೊರಿಸೋದು ನ್ಯಾಯ ಅಲ್ಲ.

ವೈನಿಯನ್ನ ಬಾ ಅಂತ ಒತ್ತಾಯ ಮಾಡಬೇಡಿ. ಡಾಕ್ಟರ್ ಹತ್ತಿರ ಹೋಗೋ ದಿನ ಅವರಿಗೂ ಬರೋಕೆ ಮನಸ್ಸಿದೆಯಾ ಕೇಳಿ ನೋಡಿ. ಬಂದರೆ ಅವರನ್ನ ಬೇರೆ ಕೂರಿಸಿ ಮಾತಾಡಿಸಿ ಅಂತ ಡಾಕ್ಟರ್‌ಗೆ ಹೇಳಿ. ಆಕೆ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ, ಯಾರೂ ಕೇಳಿರಲ್ಲ.